ಎರಡೇ ಸೀಟಿನ ಕಾರೂ ಮನೆತನದ ಮಾನವೂ

ಹೆಂಗಸೊಬ್ಬಳು ಕಾರು ಕೊಂಡಳೆಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಕಾಲ ಅಷ್ಟರಮಟ್ಟಿಗೆ ಮುಂದುವರಿದಿದೆ. "ಒಳ್ಳೇದಾಯ್ತು ಬಿಡು, ಮಕ್ಕಳನ್ನ ಸ್ಕೂಲಿಗೆ ಬಿಡೋಕಾಯ್ತು, ಅತ್ತೇನ ಆಸ್ಪತ್ರೆಗೆ ಕರಕೊಂಡು ಹೋಗೋಕಾಯ್ತು" ಎಂದು ಹರಸುವವರೇ ಎಲ್ಲ. ಆದರೆ ಅವಳು ಕೊಂಡ ಕಾರಿನಲ್ಲಿ ಎರಡೇ ಸೀಟು ಇದ್ದು, ಅದರ ಟಾಪು ಹಿಂದಕ್ಕೆ ಮಡಚಿಕೊಂಡು ಆಕಾಶ ಕಾಣುವಂತಿದ್ದು, ಕೊಂಡದ್ದು ಬರೀ ಸುತ್ತಾಡುವುದಕ್ಕೆ ಎಂದು ತಿಳಿದುಬಂದರೆ ಆಗ ನೋಡಿ, ನೆಂಟರಿಷ್ಟರ ನ್ಯಾಯಪಂಚಾಯಿತಿ ಆ ಕ್ಷಣವೇ ಕೂತುಬಿಡುತ್ತದೆ. ಇರುವ ಎರಡು ಸೀಟಿನ ಬಗ್ಗೆ ಯಾರದೂ ತಕರಾರಿಲ್ಲ. ಇಲ್ಲದ ಮೂರು ಸೀಟುಗಳ ಬಗ್ಗೆಯೇ ಎಲ್ಲರ ತಕರಾರು. ಆ ತಕರಾರಿನ ಜೊತೆ ನನಗೊಂದು ಜಗಳವಿದೆ.

ಸಂಗತಿ ಇಷ್ಟು. ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ, 1987ರಲ್ಲಿ ಮದುವೆಯಾಗಿ ಇಂಗ್ಲೆಂಡಿಗೆ ಹೋದವಳು. ಶೆಫೀಲ್ಡ್ ಊರಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ರಕ್ತದ ಸೀಸೆಗಳ ನಡುವೆ ದುಡಿದು ಅರವತ್ತಕ್ಕೆ ನಿವೃತ್ತಳಾದಳು. ಕೈಗೆ ಬಂದ ಹಣದಲ್ಲಿ ಮೂರೂವರೆ ಸಾವಿರ ಪೌಂಡು ತೆಗೆದು, 2023ರ ಡಿಸೆಂಬರಿನಲ್ಲಿ 2008ನೇ ಇಸವಿಯ ಒಂದು ಮಜ್ದಾ ಎಂಎಕ್ಸ್-5 ಕಾರು ಕೊಂಡಳು. ಆಗಿನ ಲೆಕ್ಕದಲ್ಲಿ ನಮ್ಮ ದುಡ್ಡಿಗೆ ಸುಮಾರು ಮೂರೂಮುಕ್ಕಾಲು ಲಕ್ಷ ರೂಪಾಯಿ. ಸುದ್ದಿ ತಿಪಟೂರಿನ ಒಂದು ಮದುವೆಯ ಊಟದ ಪಂಕ್ತಿಗೆ ಬಂದು ತಲುಪಿತು. "ಅರವತ್ತಕ್ಕೆ ಅರಳುಮರುಳು ಅಂತಾರಲ್ಲ, ಇದೇ" ಎಂದರು ಒಬ್ಬರು. "ಎರಡೇ ಸೀಟಂತೆ, ಮಗ ಸೊಸೆ ಬಂದ್ರೆ ಎಲ್ಲಿ ಕೂರಿಸ್ತಾಳೆ?" ಎಂದರು ಇನ್ನೊಬ್ಬರು. "ಅದೂ ಯಾರೋ ಓಡಿಸಿ ಬಿಟ್ಟಿದ್ದಂತೆ." "ಎಲ್ಲಿಗೆ ಹೋಗ್ತಾಳಂತೆ ಅದ್ರಲ್ಲಿ?" "ಎಲ್ಲಿಗೂ ಇಲ್ವಂತೆ, ಸುಮ್ಮನೆ." ಈ ‘ಸುಮ್ಮನೆ’ ಎಂಬ ಮಾತಿಗೆ ಹಪ್ಪಳ ಮುರಿಯುತ್ತಿದ್ದ ಕೈಗಳು ಕೂಡ ಒಂದು ಗಳಿಗೆ ನಿಂತವು.

ಈ ನಾಲ್ಕು ಮಾತುಗಳನ್ನೂ ಒಂದೊಂದಾಗಿ ತೆಗೆದುಕೊಂಡು ಉತ್ತರ ಹೇಳುವುದು ನನ್ನ ಉದ್ದೇಶ. ಮೊದಲು ಆ ಕಾರು ಎಂಥದು ಎಂದು ನಿಮಗೆ ತಿಳಿಸಬೇಕು. ಸಿನಿಮಾದಲ್ಲಿ ನಾಯಕ ನಾಯಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಟೇರಿಂಗ್ ಬಿಟ್ಟು ಕೈ ಆಡಿಸುತ್ತ ಹಾಡುವ ಆ ದೊಡ್ಡ ಹಡಗಿನಂಥ ಕಾರು ಇದಲ್ಲ. ಇದು ಪುಟ್ಟದು, ನೆಲಕ್ಕೆ ತಗ್ಗು. ಒಳಗೆ ಇಳಿದು ಕೂತರೆ ಮಣೆಯ ಮೇಲೆ ಕಾಲು ಚಾಚಿ ಕೂತಂತಿರುತ್ತದೆ. ಹಿಂದಿನ ಡಿಕ್ಕಿಯ ಅಳತೆ 150 ಲೀಟರು. ಎರಡು ಕೈಚೀಲ, ಒಂದು ಊಟದ ಬುತ್ತಿ ಇಟ್ಟರೆ ಮುಗಿಯಿತು. ಬಟ್ಟೆಯ ಟಾಪಿಗೆ ನಡುವೆ ಒಂದೇ ಕೊಂಡಿ. ಅದನ್ನು ಬಿಚ್ಚಿ, ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿದರೆ ಟಾಪು ಮಡಚಿಕೊಂಡು ಬೆನ್ನ ಹಿಂದೆ ಅಡಗಿ ಕೂರುತ್ತದೆ.

ಇಂಥ ಕಾರು ಇಂಗ್ಲಿಷರ ಹಳೆಯ ಹುಚ್ಚು. ಆಕ್ಸ್‌ಫರ್ಡಿನ ಹತ್ತಿರದ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಎರಡು ಸೀಟಿನ ಕಾರು ತಯಾರಾಯಿತು. ಮುಚ್ಚಿದ ಟಾಪಿನ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ನೋಡಲು ಚೆಂದ, ಆದರೆ ಎಣ್ಣೆ ಸೋರುವುದು, ಮಳೆಯಲ್ಲಿ ಮುನಿಸಿಕೊಳ್ಳುವುದು, ತುಕ್ಕು ಹಿಡಿಯುವುದು ಎಲ್ಲಕ್ಕೂ ಹೆಸರುವಾಸಿ. ಅಂಥ ಕಾರುಗಳು ಒಂದೊಂದಾಗಿ ಮೂಲೆ ಸೇರಿದ ಕಾಲಕ್ಕೆ ಜಪಾನಿನ ಮಜ್ದಾದವರು ಅದೇ ಹಳೆಯ ಇಂಗ್ಲಿಷ್ ರುಚಿಯನ್ನು ಹಿಡಿದು, ಸೋರದ, ಕೈಕೊಡದ ಕಾರು ಮಾಡಿ 1989ರಲ್ಲಿ ಅಮೆರಿಕದ ಷಿಕಾಗೊ ಪ್ರದರ್ಶನದಲ್ಲಿ ಇಟ್ಟರು. 2016ರ ಹೊತ್ತಿಗೆ ಅಂಥವು ಹತ್ತು ಲಕ್ಷ ತಯಾರಾಗಿದ್ದವು. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ತೆರೆದ ಕಾರು ಇದೇ. ಆದ್ದರಿಂದಲೇ ಹಳೆಯ ಕಾರು ಧಾರಾಳವಾಗಿ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಇದು ರಾಜಮಹಾರಾಜರ ಕಾರಲ್ಲ. ನಿವೃತ್ತಿಯಾದ ಮೇಷ್ಟ್ರು, ಅಂಚೆಯವನು, ದಾದಿ, ಎಲ್ಲರೂ ಕೊಳ್ಳುವಂಥದು.

ಈಗ ಮೊದಲ ತಕರಾರು: ಎರಡೇ ಸೀಟು ಯಾರಿಗೆ?

ನನ್ನದು ಮರುಪ್ರಶ್ನೆ. ನಿಮ್ಮ ಬೀದಿಯಲ್ಲಿ ಯಾವ ಹುಡುಗನಾದರೂ ಎರಡು ಲಕ್ಷ ಕೊಟ್ಟು ಬುಲೆಟ್ ಬೈಕು ತಂದಾಗ "ಎರಡೇ ಸೀಟಲ್ಲಪ್ಪ, ಮನೆಯವರನ್ನೆಲ್ಲ ಎಲ್ಲಿ ಕೂರಿಸ್ತೀಯ?" ಎಂದು ಕೇಳಿದವರುಂಟೆ? ಅವನು ಭಾನುವಾರ ಬೆಳಿಗ್ಗೆ ಗೆಳೆಯರೊಂದಿಗೆ ಚಾರ್ಮಾಡಿ ಘಾಟಿಗೋ ಮುಳ್ಳಯ್ಯನಗಿರಿಗೋ ಹೋಗಿ ಬಂದರೆ ಅದಕ್ಕೆ ಹವ್ಯಾಸ ಎಂದು ಹೆಸರು. ಹೊರಡುವಾಗ ತಾಯಿ ಚಪಾತಿ ಕಟ್ಟಿಕೊಡುತ್ತಾಳೆ. ಬೈಕಿನ ಎರಡು ಸೀಟು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಅದೇ ಎರಡು ಸೀಟು ಹೆಂಗಸಿನ ಹೆಸರಿಗೆ ಬಂದ ಕೂಡಲೇ ಸ್ವಾರ್ಥವಾಗುತ್ತದೆ.

ಇದರ ಕಾರಣ ನಮಗೆಲ್ಲ ಗೊತ್ತು. ಹೆಂಗಸಿನ ವಾಹನ ಅವಳದಲ್ಲ, ಸಂಸಾರದ್ದು. ನನ್ನ ಸ್ಕೂಟರನ್ನೇ ತೆಗೆದುಕೊಳ್ಳಿ. ಇಪ್ಪತ್ತು ವರ್ಷದಿಂದ ಅದರ ಮುಂದಿನ ಜಾಗದಲ್ಲಿ ಗ್ಯಾಸ್ ಸಿಲಿಂಡರು, ಅಕ್ಕಿಮೂಟೆ, ಮೊಮ್ಮಗುವಿನ ತೊಟ್ಟಿಲಿನ ಕಾಲು, ಉತ್ತರಪತ್ರಿಕೆಯ ಕಟ್ಟು, ನಾದಿನಿಯ ಮಗಳ ಸೀಮಂತಕ್ಕೆ ಬಾಳೆಗೊನೆ ಎಲ್ಲ ಸವಾರಿ ಮಾಡಿವೆ. ಹಿಂದಿನ ಸೀಟಿನಲ್ಲಿ ಅತ್ತೆಯವರು ಕಣ್ಣಿನ ಆಸ್ಪತ್ರೆಗೆ, ಮಗ ಟ್ಯೂಷನ್ನಿಗೆ, ಪಕ್ಕದ ಮನೆಯವರು ಬಸ್‌ಸ್ಟ್ಯಾಂಡಿಗೆ. ಅವರನ್ನು ಕರೆದೊಯ್ದುದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಈ ಇಪ್ಪತ್ತು ವರ್ಷದಲ್ಲಿ ಯಾವ ಹೊರೆಯೂ ಇಲ್ಲದೆ, ಯಾವ ಕೆಲಸವೂ ಇಲ್ಲದೆ ಆ ಸ್ಕೂಟರು ಓಡಿದ ದಿನ ಎಷ್ಟು ಎಂದು ಎಣಿಸಲು ಒಂದು ಕೈಯ ಬೆರಳು ಸಾಕು. ನಿಮ್ಮ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ ಎಂದು ಬಲ್ಲೆ.

ಅಕ್ಕನ ಹಿಂದಿನ ಎರಡು ಕಾರುಗಳ ಕಥೆಯೂ ಬೇರೆಯಲ್ಲ. ಐದು ಸೀಟಿನ ಕಾರು ಕೊಂಡವಳು ಐದು ಜನರ ಡ್ರೈವರು. ಶೆಫೀಲ್ಡಿನಲ್ಲಿ ಕನ್ನಡದವರ ಮನೆಯಲ್ಲಿ ಪೂಜೆಯಿದ್ದರೆ ದೊಡ್ಡ ಪಾತ್ರೆ ಸಾಗಿಸುವುದು ಅವಳ ಕಾರಿನಲ್ಲಿ. ಊರಿನಿಂದ ಬಂದವರನ್ನು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದ ಕರೆತರುವುದು ಅವಳ ಕಾರಿನಲ್ಲಿ. ಈಗಿನ ಕಾರಿಗೆ ದೊಡ್ಡ ಪಾತ್ರೆ ಹಿಡಿಸುವುದಿಲ್ಲ, ಸೂಟ್‌ಕೇಸೂ ಹಿಡಿಸುವುದಿಲ್ಲ. "ಇಲ್ಲ ಅನ್ನೋದನ್ನ ನಾನು ಅರವತ್ತು ವರ್ಷ ಕಲೀಲಿಲ್ಲ ಕಣೇ, ಈಗ ನನ್ನ ಪರವಾಗಿ ಕಾರೇ ಇಲ್ಲ ಅನ್ನುತ್ತೆ" ಎಂದಳು ಅಕ್ಕ. ಇಷ್ಟು ಒಳ್ಳೆಯ ಕಾರಣವನ್ನು ನಾನು ಯಾವ ಜಾಹೀರಾತಿನಲ್ಲೂ ಓದಿಲ್ಲ. ಅಂದ ಹಾಗೆ ಆ ಎರಡನೆಯ ಸೀಟು ಖಾಲಿಯೇನೂ ಇರುವುದಿಲ್ಲ. ಭಾವನವರು ಕೂರುತ್ತಾರೆ, ಗೆಳತಿ ಕೂರುತ್ತಾಳೆ, 2024ರ ಮೇ ತಿಂಗಳ ರಜೆಯಲ್ಲಿ ನಾನು ಕೂತಿದ್ದೆ. ಯಾರನ್ನು ಕೂರಿಸಿಕೊಳ್ಳಬೇಕೆಂದು ಅವಳು ನಿರ್ಧರಿಸುತ್ತಾಳೆ, ವ್ಯತ್ಯಾಸ ಅಷ್ಟೇ.

ಎರಡನೆಯ ತಕರಾರು: ಯಾರೋ ಓಡಿಸಿ ಬಿಟ್ಟದ್ದು.

ಸೆಕೆಂಡ್‌ಹ್ಯಾಂಡ್ ಎಂದರೆ ನಮ್ಮವರಿಗೆ ಎಂಜಲು ಎಂದೇ ಅರ್ಥ. ಅಜ್ಜಿಯ ಕಾಸಿನಸರ ಎಂಜಲಲ್ಲ, ಮಾವನವರ ಕಾಲದ ತೇಗದ ಮಂಚ ಎಂಜಲಲ್ಲ, ಕಾರು ಮಾತ್ರ ಎಂಜಲು! ಸ್ವಲ್ಪ ಲೆಕ್ಕ ಹಾಕೋಣ. ಇದೇ ಕಾರನ್ನು ಅಲ್ಲಿ ಹೊಸದಾಗಿ ಕೊಂಡರೆ ಮೂವತ್ತು ಸಾವಿರ ಪೌಂಡಿನ ಆಸುಪಾಸು ಬೇಕು. ಹೊಸ ಕಾರು ಅಂಗಡಿಯಿಂದ ಹೊರಬಿದ್ದ ದಿನದಿಂದಲೇ ಬೆಲೆ ಇಳಿಯತೊಡಗುತ್ತದೆ. ಮೊದಲ ಕೆಲವು ವರ್ಷಗಳ ಆ ಇಳಿತವೇ ದೊಡ್ಡ ನಷ್ಟ. ಹದಿನೈದು ವರ್ಷವಾದ ಕಾರು ಇಳಿಯಬೇಕಾದಷ್ಟು ಆಗಲೇ ಇಳಿದಿರುತ್ತದೆ. ಆ ನಷ್ಟವನ್ನು ಬೇರೆ ಯಾರೋ ಹೊತ್ತಿರುತ್ತಾರೆ. ಬರೀ ಸಂತೋಷಕ್ಕೆಂದು ಕೊಳ್ಳುವ ವಸ್ತುವಿಗೆ ಹತ್ತನೆಯ ಒಂದರಷ್ಟು ದುಡ್ಡು ಕೊಡುವವಳು ಜಾಣೆಯೋ, ಪೂರಾ ಕೊಟ್ಟು ಸಾಲದ ಕಂತು ಕಟ್ಟುವವಳು ಜಾಣೆಯೋ, ನೀವೇ ಹೇಳಿ.

ಹಾಗೆಂದು ಹಳೆಯದನ್ನು ಕಣ್ಣುಮುಚ್ಚಿ ಕೊಳ್ಳಲಾಗದು. ನಿಮ್ಮ ಮಗಳೋ ಸೊಸೆಯೋ ಆ ದೇಶದಲ್ಲಿದ್ದರೆ ಉಪಯೋಗಕ್ಕೆ ಬಂದೀತೆಂದು ಅಕ್ಕ ಕೊಂಡ ಬಗೆಯನ್ನು ಹೇಳುತ್ತೇನೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ‘ಎಂಓಟಿ’ ಎಂಬ ಪರೀಕ್ಷೆ ಕಡ್ಡಾಯ. ಬ್ರೇಕು, ಟೈರು, ದೀಪ, ತುಕ್ಕು, ಹೊಗೆ ಎಲ್ಲ ನೋಡಿ ಪಾಸು ನಪಾಸು ಬರೆಯುತ್ತಾರೆ. ಕಾರಿನ ನಂಬರು ಗೊತ್ತಿದ್ದರೆ ಸಾಕು, ಅದರ ಹಿಂದಿನ ಪರೀಕ್ಷೆಗಳ ಫಲಿತಾಂಶವನ್ನು ಸರ್ಕಾರವೇ ಯಾರಿಗೆ ಬೇಕಾದರೂ ಕಾಸಿಲ್ಲದೆ ತೋರಿಸುತ್ತದೆ. ಆಯಾ ವರ್ಷ ಕಾರು ಎಷ್ಟು ಮೈಲಿ ಓಡಿತ್ತು ಎನ್ನುವುದೂ ಅಲ್ಲಿ ಇರುತ್ತದೆ. ಮೀಟರು ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾವು ಮೇಡಂಗಳು ಮಕ್ಕಳ ಪ್ರೋಗ್ರೆಸ್ ಕಾರ್ಡು ನೋಡುವಂತೆ ಅಕ್ಕ ಹನ್ನೊಂದು ಕಾರುಗಳ ಅಂಕಪಟ್ಟಿ ನೋಡಿದಳು. ‘ತುಕ್ಕು ಕಾಣಿಸಿದೆ, ಗಮನಿಸಿ’ ಎಂದು ಮೂರು ವರ್ಷ ಸತತ ಬರೆಸಿಕೊಂಡ ಕಾರನ್ನು ಆ ಮಾತ್ರದಿಂದಲೇ ಬಿಟ್ಟಳು. ಗಮನಿಸಿ ಎಂದರೂ ಗಮನಿಸದ ಮಾಲೀಕ ಇನ್ನೇನನ್ನು ಗಮನಿಸಿಯಾನು?

ಆಮೇಲೆ ಕಾಗದಪತ್ರ. ನಮ್ಮ ಆರ್‌ಸಿ ಬುಕ್ಕಿನಂತೆ ಅಲ್ಲಿ ‘ವಿ5ಸಿ’ ಎಂಬ ಕಾಗದ. ಆದರೆ ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ. ಕಾರಿನ ಮೇಲೆ ಸಾಲದ ಕಂತು ಬಾಕಿಯಿದ್ದರೆ ಅದು ಸಾಲ ಕೊಟ್ಟವರದೇ. ಅದನ್ನು ಪರೀಕ್ಷಿಸಿಕೊಡುವವರಿದ್ದಾರೆ, ಸ್ವಲ್ಪ ದುಡ್ಡು ಕೊಡಬೇಕು, ಕೊಡಲೇಬೇಕು. ಇನ್ನು ಕಾರನ್ನು ಕಣ್ಣಾರೆ ನೋಡುವಾಗ ಮೊದಲು ನೋಡಬೇಕಾದ್ದು ಬಾಗಿಲ ಕೆಳಗಿನ ಭಾಗ, ಹೊಸ್ತಿಲು ಎನ್ನಿ. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಸಣ್ಣ ತೂತುಗಳ ಮೂಲಕ ಕೆಳಗಿಳಿದು ಹೋಗಬೇಕು. ಎಲೆ, ಕಸ ಸೇರಿ ಆ ತೂತು ಮುಚ್ಚಿದರೆ ನೀರು ದಾರಿ ತಪ್ಪಿ ಕಾರಿನೊಳಗೆ ನಿಲ್ಲುತ್ತದೆ. ಮೊದಲಿನ ಎರಡು ತಲೆಮಾರಿನ ಕಾರುಗಳಲ್ಲಂತೂ ಹೊಸ್ತಿಲು ಒಳಗಿಂದೊಳಗೇ ತುಕ್ಕು ತಿಂದಿರುತ್ತದೆ, ಹೊರಗೆ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ. ಕೆಳಗಿನ ಜಮಖಾನ ಎತ್ತಿ ಕೈಯಿಟ್ಟು ನೋಡಬೇಕು, ತೇವವಿದ್ದರೆ ನಮಸ್ಕಾರ ಹೇಳಿ ಎದ್ದು ಬರಬೇಕು. ಇನ್ನೊಂದು ಗುಟ್ಟು: ಟಾಪು ತೆಗೆಯುವ ಕಾರನ್ನು ಚಳಿಗಾಲದಲ್ಲಿ ಕೊಳ್ಳಬೇಕು. ವಸಂತ ಬಂದು ಬಿಸಿಲು ಬಿದ್ದ ಕೂಡಲೇ ಊರವರಿಗೆಲ್ಲ ಆಸೆ ಹುಟ್ಟಿ ಬೆಲೆ ಏರುತ್ತದೆ. ಅಕ್ಕ ಡಿಸೆಂಬರಿನಲ್ಲಿ ಕೊಂಡದ್ದು ಅದಕ್ಕೇ. ಆಷಾಢದಲ್ಲಿ ರೇಷ್ಮೆಸೀರೆ ಕೊಳ್ಳುವ ನಮಗೆ ಈ ವಿದ್ಯೆ ಹೊಸದೇನಲ್ಲ.

ಇಷ್ಟೆಲ್ಲ ಓದಿಕೊಂಡು, ಮೊಣಕಾಲೂರಿ ಹೊಸ್ತಿಲು ತಡವಿ ನೋಡಿದವಳು ಅಕ್ಕ. ಹೋದ ಒಂದು ಅಂಗಡಿಯಲ್ಲಿ ಮಾರುವವನು ಮಾತನಾಡಿದ್ದೆಲ್ಲ ಭಾವನವರ ಮುಖ ನೋಡಿಕೊಂಡು. ಅವಳು ಕೇಳಿದ ಪ್ರಶ್ನೆಗೂ ಉತ್ತರ ಅವರಿಗೆ. ಅವಳ ಪಾಲಿಗೆ ಬಂದದ್ದು "ಈ ಬಣ್ಣ ನಿಮಗೆ ಒಪ್ಪುತ್ತದೆ" ಎಂಬ ಒಂದೇ ಮಾತು. ಭಾವನವರಿಗೆ ಕಾರು ಓಡಿಸಲು ಬರುವುದೇ ಇಲ್ಲ! ಅವರು ನಲವತ್ತು ವರ್ಷ ಟ್ರಾಮು, ಬಸ್ಸಿನಲ್ಲಿ ಓಡಾಡಿದವರು. ಇಂಗ್ಲೆಂಡಾದರೇನು, ಹಾಸನವಾದರೇನು? ದುಡ್ಡು ಯಾರ ಪರ್ಸಿನಲ್ಲಿದೆ ಎನ್ನುವುದಕ್ಕಿಂತ ಮೀಸೆ ಯಾರ ಮುಖದಲ್ಲಿದೆ ಎಂದು ನೋಡುವ ಕಣ್ಣು ಎರಡು ಕಡೆಯೂ ಒಂದೇ. ಅಕ್ಕ ಅಲ್ಲಿಂದ ಎದ್ದು ಬಂದು, ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಮುಂದೆ ನಿಂತಿದ್ದ ಕಾರನ್ನು ಅವರಿಂದಲೇ ನೇರವಾಗಿ ಕೊಂಡಳು. ಸರ್ವಿಸ್ ಮಾಡಿಸಿದ ಪ್ರತಿ ರಸೀತಿಯನ್ನೂ ಆಕೆ ಫೈಲಿನಲ್ಲಿ ಚುಚ್ಚಿ ಇಟ್ಟಿದ್ದರಂತೆ. ಮೇಡಂಗಳ ಜಾತಿಯೇ ಹಾಗೆ.

ಮೂರನೆಯ ತಕರಾರೇ ಎಲ್ಲಕ್ಕಿಂತ ದೊಡ್ಡದು: ಎಲ್ಲಿಗೂ ಇಲ್ಲ, ಸುಮ್ಮನೆ.

ಶೆಫೀಲ್ಡಿನಿಂದ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಊರು ಮುಗಿದು ಗುಡ್ಡ ಶುರುವಾಗುತ್ತದೆ. ಅಲ್ಲಿಂದ ಗ್ಲಾಸಪ್ ಕಡೆಗೆ ದಾಟುವ ರಸ್ತೆಗೆ ಸ್ನೇಕ್ ಪಾಸ್ ಎಂದು ಹೆಸರು. ಹಾವಿನ ಘಾಟಿ ಎಂದು ಕರೆದುಕೊಂಡರೆ ನಮಗೆ ಸಲೀಸು. ನಮ್ಮ ಆಗುಂಬೆಯಂತೆ ಕಡಿದಾದ ಹದಿನಾಲ್ಕು ತಿರುವುಗಳೇನಿಲ್ಲ. ನಿಧಾನಕ್ಕೆ ಬಳುಕುತ್ತ, ಪೈನ್ ಮರಗಳ ನಡುವಿನಿಂದ ಮೇಲೇರಿ ಸುಮಾರು ಐನೂರು ಮೀಟರು ಎತ್ತರದಲ್ಲಿ ಬೋಳು ಬಯಲಿಗೆ ಬರುತ್ತದೆ. ಮಳೆಗೆ, ಹಿಮಕ್ಕೆ, ಗುಡ್ಡ ಕುಸಿತಕ್ಕೆ ಆಗಾಗ ಮುಚ್ಚುವ ರಸ್ತೆ. ಟಾಪು ತೆಗೆದ ಕಾರಿನಲ್ಲಿ ಹೋಗುವಾಗ ಮುಚ್ಚಿದ ಕಾರಿನಲ್ಲಿ ತಿಳಿಯದ ಎಷ್ಟೋ ಸಂಗತಿ ತಿಳಿಯುತ್ತದೆ. ಮರದ ನೆರಳಿಗೆ ಹೊಕ್ಕ ಕೂಡಲೇ ತೋಳಿಗೆ ತಣ್ಣಗಾಗುತ್ತದೆ, ಹೊರಬಂದರೆ ಬೆಚ್ಚಗೆ. ಕುರಿಗಳ ವಾಸನೆ, ಒದ್ದೆ ಹುಲ್ಲಿನ ವಾಸನೆ, ಎಲ್ಲೋ ತೊರೆ ಹರಿಯುವ ಸದ್ದು. ಗಂಟೆಗೆ ನಲವತ್ತು ಮೈಲಿ ಹೋದರೂ ಎಂಬತ್ತು ಹೋದಂತೆ ಅನಿಸುವುದರಿಂದ ಯಾರೂ ಜೋರಾಗಿ ಓಡಿಸಬೇಕಾದ ಅಗತ್ಯವಿಲ್ಲ. ಮೇಲೆ ಹೋಗಿ, ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡಿದು, ವಾಪಸು ಬರುವುದು. ಇಷ್ಟೇ ಅವಳ ‘ಸುಮ್ಮನೆ’.

ಆ ಬಯಲಿನ ಪಕ್ಕದಲ್ಲೇ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಸುಮ್ಮನೆ ತಿರುಗಾಡುವುದನ್ನು ಹಗುರವಾಗಿ ಕಾಣುವವರು ಈ ಬೆಟ್ಟದ ಚರಿತ್ರೆ ತಿಳಿಯಬೇಕು. ನೂರು ವರ್ಷದ ಹಿಂದೆ ಆ ಬೆಟ್ಟಗಳೆಲ್ಲ ಜಮೀನ್ದಾರರ ಸ್ವತ್ತು. ಅವರು ಹಕ್ಕಿ ಬೇಟೆಯಾಡುವುದಕ್ಕೆ ಕಾವಲುಗಾರರನ್ನಿಟ್ಟು ಕಾದಿಟ್ಟ ಜಾಗ. ಮ್ಯಾಂಚೆಸ್ಟರಿನ, ಶೆಫೀಲ್ಡಿನ ಕಾರ್ಖಾನೆಗಳಲ್ಲಿ ವಾರವಿಡೀ ಹೊಗೆ ಕುಡಿದ ಕೆಲಸಗಾರರು ಭಾನುವಾರ ಅಲ್ಲಿ ಕಾಲಿಡುವಂತಿರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಜನ ಬೇಕೆಂದೇ ಒಟ್ಟಾಗಿ ಆ ಬೆಟ್ಟ ಹತ್ತಿದರು. ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗ ಮುಂದಾಳು. ಐವರಿಗೆ ಜೈಲಾಯಿತು. ಅವರು ಕೇಳಿದ್ದು ಕೂಲಿಯಲ್ಲ, ಅನ್ನವಲ್ಲ. ಬೆಟ್ಟದ ಮೇಲೆ ಸುಮ್ಮನೆ ನಡೆದಾಡುವ ಹಕ್ಕು! 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಅದೇ ಗುಡ್ಡಗಾಡು, ಪೀಕ್ ಡಿಸ್ಟ್ರಿಕ್ಟ್, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇನ್ನೂ ಒಂದು ಸ್ವಾರಸ್ಯವಿದೆ. ಘಾಟಿಗೆ ಹಾವಿನ ಹೆಸರು ಬಂದದ್ದು ಅಲ್ಲಿನ ಹಳೆಯ ಛತ್ರದಿಂದ, ಛತ್ರಕ್ಕೆ ಬಂದದ್ದು ಡೆವನ್‌ಷೈರಿನ ಡ್ಯೂಕರ ಮನೆತನದ ಲಾಂಛನದಿಂದ. ಅದೇ ಮನೆತನದ ಡ್ಯೂಕರು 2002ರಲ್ಲಿ, ಎಪ್ಪತ್ತು ವರ್ಷದ ನಂತರ, ಅಂದಿನ ನಡವಳಿಕೆಗಾಗಿ ಜನರ ಮುಂದೆ ಕ್ಷಮೆ ಕೇಳಿದರು. ಬಿಡುವು ಎಂಬುದು ಯಾರೋ ಕೊಟ್ಟ ಭಿಕ್ಷೆಯಲ್ಲ, ದುಡಿದವರು ಜೈಲಿಗೆ ಹೋಗಿ ಪಡೆದ ಹಕ್ಕು. ಮೂವತ್ತೊಂದು ವರ್ಷ ದುಡಿದ ಹೆಂಗಸು ಅದೇ ಗುಡ್ಡದ ಮೇಲೆ ಹೋಗಿ ಕಾಫಿ ಕುಡಿದರೆ ತಿಪಟೂರಿನವರಿಗೆ ಹೊಟ್ಟೆನೋವೇಕೆ?

ದೂರದ ದೇಶದ ಮಾತು ಎನ್ನಬೇಡಿ. ನಮ್ಮ ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟು ಇಲ್ಲದಂತಾಯಿತು. ಆಗ ಎಂಥೆಂಥ ಹಾಸ್ಯ ಕೇಳಿದೆವು, ನೆನಪಿದೆಯೆ? "ಹೆಂಗಸರೆಲ್ಲ ಧರ್ಮಸ್ಥಳದಲ್ಲಿದ್ದಾರೆ, ಗಂಡಂದಿರು ಹೋಟೆಲಿನಲ್ಲಿದ್ದಾರೆ" ಎಂದು ನಮ್ಮ ಸ್ಟಾಫ್‌ರೂಮಿನಲ್ಲಿಯೇ ನಗಾಡಿದರು. ಗಾರ್ಮೆಂಟ್ಸಿಗೆ ಹೋಗುವವಳನ್ನು, ಆಸ್ಪತ್ರೆಗೆ ಹೋಗುವವಳನ್ನು ಯಾರೂ ಹಾಸ್ಯ ಮಾಡಲಿಲ್ಲ. ಹುಟ್ಟಿದಮೇಲೆ ಮೊದಲ ಸಲ ಸಮುದ್ರ ನೋಡಲು ಮಂಗಳೂರಿಗೆ ಹೋದವಳನ್ನು ಮಾಡಿದರು. ಬಸ್ಸಿಗೆ ನಾನೇನೂ ವಕೀಲಿಕೆ ಮಾಡಬೇಕಿಲ್ಲ. ನಾನು ತೋರಿಸುತ್ತಿರುವುದು ಆ ನಗುವನ್ನು. ಮೂರೂವರೆ ಸಾವಿರ ಪೌಂಡು ಕೊಟ್ಟು ಕಾರು ಕೊಂಡವಳ ಮೇಲೂ ಅದೇ ನಗು, ಒಂದು ರೂಪಾಯಿಯೂ ಕೊಡದೆ ಬಸ್ಸು ಹತ್ತಿದವಳ ಮೇಲೂ ಅದೇ ನಗು. ಅಂದಮೇಲೆ ತಕರಾರು ದುಡ್ಡಿನದಲ್ಲ ಎಂದಾಯಿತು. ಕೆಲಸವಿಲ್ಲದೆ ಹೊಸ್ತಿಲು ದಾಟಿದ ಹೆಂಗಸಿನ ಬಗೆಗಿನ ತಕರಾರು ಅದು.

ಕೊನೆಯದು ವಯಸ್ಸು. ಅರಳುಮರುಳು.

ಕಾರು ಹುಟ್ಟಿದ ಕಥೆಯನ್ನೇ ಕೇಳಿ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನಿಂದ ಬೆರ್ಟಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಚಕ್ರದ, ತಲೆಯ ಮೇಲೆ ಏನೂ ಇಲ್ಲದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ಹೊರಡಿಸಿಕೊಂಡು ಹೋದಳು. ಜೊತೆಗೆ ಇಬ್ಬರು ಗಂಡುಮಕ್ಕಳು. ಹೋದದ್ದೆಲ್ಲಿಗೆ? ನೂರು ಕಿಲೋಮೀಟರಿಗೂ ದೂರದ ಫೋರ್ಟ್ಸ್‌ಹೈಮಿಗೆ, ತವರಿಗೆ! ದಾರಿಯಲ್ಲಿ ಇಂಧನ ಮುಗಿದಾಗ ಔಷಧದಂಗಡಿಯಲ್ಲಿ ಕೊಂಡಳು, ನಾಳ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು, ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಲೋಕದಲ್ಲಿ ಮೋಟಾರು ಕಾರಿನ ಮೊದಲ ದೂರ ಪ್ರಯಾಣ ಇದೇ. ಅದನ್ನು ಮಾಡಿದವಳು ಹೆಂಗಸು, ಮಾಡಿದ್ದು ತೆರೆದ ಗಾಡಿಯಲ್ಲಿ. ಆಕೆಗಾಗ ಮೂವತ್ತೊಂಬತ್ತು; ಆ ಕಾಲದ ಲೆಕ್ಕಕ್ಕೆ ಎಳೆಯ ವಯಸ್ಸೇನಲ್ಲ. ಹೀಗಿರುವಾಗ ತೆರೆದ ಕಾರಿನ ಸ್ಟೇರಿಂಗು ಹೆಂಗಸಿಗೆ ಒಪ್ಪುವುದಿಲ್ಲ ಎಂದು ಯಾರು ಯಾವ ಪುಸ್ತಕದಲ್ಲಿ ಓದಿದರೋ ಕಾಣೆ.

ಅಪಾಯವೇ ಇಲ್ಲವೆಂದೇನೂ ನಾನು ವಾದಿಸುವುದಿಲ್ಲ. 1927ರಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ಹೆಸರಾಂತ ನರ್ತಕಿ ಇಸಡೋರಾ ಡಂಕನ್ ತೆರೆದ ಕಾರಿನಲ್ಲಿ ಕೂತಾಗ ಆಕೆಯ ಉದ್ದನೆಯ ಶಾಲು ಚಕ್ರಕ್ಕೆ ಸಿಕ್ಕಿ ಸತ್ತಳು. ದುಪಟ್ಟ, ಸೆರಗು ತೊಡುವ ನಾವು ಇದನ್ನು ಮರೆಯಬಾರದು, ಸ್ಕೂಟರಿನಲ್ಲಿಯೂ ಮರೆಯಬಾರದು. ಅಕ್ಕ ಸಲ್ವಾರಿಗೆ ದುಪಟ್ಟ ಇಲ್ಲದೆ, ತಲೆಗೆ ಉಣ್ಣೆ ಟೋಪಿ ಹಾಕಿ ಕೂರುತ್ತಾಳೆ. ನನ್ನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಬೆಲ್ಟು ಹಾಕಿಸಿದಳು. ಪೆಟ್ರೋಲು ಸುಡುತ್ತದೆ ಎಂಬ ಮಾತೂ ನಿಜ. ಅದಕ್ಕವಳು ಮಾರುಕಟ್ಟೆಗೆ ಟ್ರಾಮಿನಲ್ಲಿ ಹೋಗುತ್ತಾಳೆ, ಈ ಕಾರನ್ನು ವರ್ಷಕ್ಕೆ ಮೂರು ಸಾವಿರ ಮೈಲಿಗಿಂತ ಹೆಚ್ಚು ಓಡಿಸುವುದಿಲ್ಲ. ಹಾಗೆ ಬರೆದುಕೊಟ್ಟದ್ದರಿಂದ ವಿಮೆಯ ಕಂತೂ ಇಳಿದಿದೆ. ಹದಿನೈದು ವರ್ಷದ ಹಿಂದೆಯೇ ತಯಾರಾದ ಕಾರನ್ನು ಗುಜರಿಗೆ ಹೋಗದಂತೆ ಇನ್ನಷ್ಟು ದಿನ ಬಾಳಿಸುತ್ತಿದ್ದಾಳೆ ಎಂಬುದನ್ನೂ ಜಮೆಯ ಪಟ್ಟಿಗೆ ಸೇರಿಸಿಕೊಳ್ಳಿ.

ದುಡ್ಡು ದಂಡ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುವವರಿಗೆ ಒಂದೇ ಮಾತು. ಅದೇ ಮೂರೂಮುಕ್ಕಾಲು ಲಕ್ಷಕ್ಕೆ ಅವಳು ಬಳೆ ಮಾಡಿಸಿ ಬ್ಯಾಂಕಿನ ಲಾಕರಿನಲ್ಲಿಟ್ಟು, ವರ್ಷಕ್ಕೊಮ್ಮೆ ನೋಡಿ ಬಂದಿದ್ದರೆ ನೀವೆಲ್ಲ "ಜಾಣೆ" ಎನ್ನುತ್ತಿದ್ದಿರಿ. ಆ ಬಳೆ ಸೊಸೆಗೆ ಹೋಗುತ್ತದೆ, ಅವಳಿಂದ ಅವಳ ಸೊಸೆಗೆ. ಹೆಂಗಸಿನ ಆಸ್ತಿ ಯಾವಾಗಲೂ ಮುಂದಿನವರಿಗೆ ಕಾಯ್ದಿಟ್ಟದ್ದಾಗಿರಬೇಕು, ಅವಳ ಆಯುಷ್ಯದಲ್ಲೇ ಅವಳಿಂದಲೇ ಸವೆಯಬಾರದು ಎಂಬುದು ನಮ್ಮ ಲೆಕ್ಕಾಚಾರ. ಕಾರು ಸವೆಯುತ್ತದೆ. ಅವಳ ಕೈಯಲ್ಲೇ, ಅವಳ ಸಂತೋಷಕ್ಕೇ ಸವೆಯುತ್ತದೆ. ಅದಕ್ಕೇ ಅದು ಅವಳದು.

ಇದನ್ನೋದಿ ನೀವೂ ಒಂದು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಬಿಸಿಲು ಅಪರೂಪ, ಬಿದ್ದ ನಾಲ್ಕು ದಿನ ಟಾಪು ತೆಗೆದು ಮೈಯೊಡ್ಡುತ್ತಾರೆ. ಇಲ್ಲಿ ಅಪರೂಪವಾದ್ದು ನೆರಳು. ಏಪ್ರಿಲಿನಲ್ಲಿ ಅರಸೀಕೆರೆ ರಸ್ತೆಯಲ್ಲಿ ಟಾಪು ತೆಗೆದು ಹೊರಟರೆ ಸಂತೋಷವೆಲ್ಲ ಧೂಳು, ಲಾರಿಯ ಹೊಗೆಯಲ್ಲಿ ಕರಗಿ ಹೋದೀತು. ನಿಮ್ಮದು ಬೇರೆ ಏನಾದರೂ ಇರಬಹುದು: ಹಳೆಯ ಸ್ಕೂಟರು, ಹಾರ್ಮೋನಿಯಂ, ಹೊಲಿಗೆ ಬಾರದವಳ ಕೈಯ ಕ್ಯಾಮೆರಾ, ಬಸ್ಸಿನ ಕಿಟಕಿ ಪಕ್ಕದ ಸೀಟು. ಅದು ಮನೆಗೆ ಉಪಯೋಗಕ್ಕೆ ಬರುವುದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂರಬೇಡಿ. ಆ ಪ್ರಶ್ನೆ ಕೇಳುವವರ ಬಳಿ ನಿಮ್ಮ ಉತ್ತರಪತ್ರಿಕೆ ತಿದ್ದುವ ಅಧಿಕಾರ ಯಾವತ್ತೂ ಇರಲಿಲ್ಲ. ಇನ್ನು ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ಗಾಡಿಯ ಕೀ ಕೈಗೆತ್ತಿಕೊಂಡು "ಸುಮ್ಮನೆ ಒಂದು ಸುತ್ತು ಹೋಗಿ ಬರ್ತೀನಮ್ಮ" ಎಂದರೆ, ಹಾಗೇ ಬರುವಾಗ ಕೊತ್ತಂಬರಿ ಸೊಪ್ಪು ತಾ ಎನ್ನದೆ, ಬರಿಗೈಯಲ್ಲಿ ಹೋಗಿ ಬರಲು ಬಿಡಿ.